ತಂಗಿಯ ಹೊಲದ ಪಕ್ಕದ ಹೊಲ

ನನ್ನ ತಂಗಿಗೆ ಎರೆಹುಳು ಕಂಡರೆ ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನಿಗೆ ಬುತ್ತಿ ಕೊಡಲು ಹೋದರೆ ಹೊಲಕ್ಕೆ ಇಳಿಯದೆ ಬದುವಿನ ಮೇಲೇ ನಿಂತು ಕಿರುಚುತ್ತಿದ್ದಳು. ಅಪ್ಪ ದುಡಿಯುತ್ತಿದ್ದದ್ದು ಕಂಡವರ ಹೊಲದಲ್ಲಿ. ನಾನು ಮಾತ್ರ ಬುತ್ತಿ ಇಳಿಸಿ, ಒಂದು ಹಿಡಿ ಮಣ್ಣು ಹಿಸುಕಿ ನೋಡಿ, ಇದು ನನ್ನದಾಗಿದ್ದರೆ ಇಲ್ಲಿ ರಾಗಿ, ಅಲ್ಲಿ ಅವರೆ ಎಂದು ಮನಸ್ಸಿನಲ್ಲೇ ಬಿತ್ತಿಬಿಡುತ್ತಿದ್ದೆ. ಇಂಥ ನನ್ನನ್ನು ಕೊಟ್ಟದ್ದು ಕೊಳ್ಳೇಗಾಲಕ್ಕೆ, ಹೂಕುಂಡದಲ್ಲಿ ಬಿಟ್ಟರೆ ಬೇರೆಲ್ಲೂ ಮಣ್ಣು ಕಾಣದ ಬೀದಿಗೆ. ಎರೆಹುಳುವಿಗೆ ಹೆದರುವವಳನ್ನು ಕೊಟ್ಟದ್ದು ಮಾಂಬಳ್ಳಿಗೆ. ಅಲ್ಲಿ ನಾಲೆ ನೀರಿನ ಜಮೀನು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದವನಿಗೂ ಒಬ್ಬಳು ತಂಗಿ ಇದ್ದಿರಬೇಕು.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ನನ್ನ ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ, ನಾನು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಹೊಟ್ಟೆ ಬಟ್ಟೆಗೆ ಕಡಿಮೆಯಿಲ್ಲ. ಆದರೂ ತಂಗಿ ಒಂದು ಚೀಲ ಅವರೆಕಾಯಿ ತಂದು ಸುರಿದು ‘ನಮ್ಮೊಲದ್ದು ಕಣಕ್ಕ’ ಎಂದಾಗ ಆ ‘ನಮ್ಮ’ ಎನ್ನುವ ಮಾತು ನನಗೆ ಚುಚ್ಚುತ್ತಿತ್ತು. ಸುಲಿಯುತ್ತಾ ಸುಲಿಯುತ್ತಾ ಹುಳುಕು ಕಾಯಿ ಹುಡುಕುತ್ತಿದ್ದೆ. ಸಿಕ್ಕಿದರೆ ಅವಳ ಮುಂದೆ ಹಿಡಿದು ತೋರಿಸುತ್ತಿದ್ದೆ.

ನಾವೂ ಕೈಲಾದಷ್ಟು ಕೂಡಿಟ್ಟು ಯಳಂದೂರಿನ ಕಡೆ ಒಂದು ತುಂಡು ಜಮೀನು ನೋಡಿದೆವು. ಮಾತುಕತೆ ಮುಗಿಯಿತು. ನೋಂದಣಿಯ ದಿನ ನಾನು ಹೊಸ ಸೀರೆ ಉಟ್ಟು ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ಅಷ್ಟರಲ್ಲಿ ಮಾರುವವರ ಅಕ್ಕ ಬಂದರು. ‘ನಮ್ಮಪ್ಪನ ಜಮೀನ್ನಲ್ಲಿ ನಂಗೂ ಪಾಲದೆ. ನಾ ಸೈನ್ ಆಕಲ್ಲ’ ಎಂದರು. ನ್ಯಾಯವೇ. ನಮ್ಮಪ್ಪನಿಗೆ ಜಮೀನಿದ್ದಿದ್ದರೆ ನಾನೂ ಹಾಕುತ್ತಿರಲಿಲ್ಲ. ಎದ್ದು ಬಂದು ಬಸ್ಸಿನಲ್ಲಿ ಕೂತೆ. ತಂಗಿಯ ಫೋನು ಬಂತು. ‘ಅಕ್ಕ, ಈ ಸಲ ಉಳ ಬಾಳ ಚೆನ್ನಾಗಿ ಬಂದವೆ!’ ಬಸ್ಸಿನ ಸದ್ದಿಗೆ ಏನೂ ಕೇಳಿಸುತ್ತಿಲ್ಲ ಎಂದು ಹೇಳಿ ಫೋನಿಟ್ಟೆ. ಬಸ್ಸು ಇನ್ನೂ ಹೊರಟೇ ಇರಲಿಲ್ಲ.

ಕೊಳ್ಳಲಾಗದಿದ್ದರೆ ಗುತ್ತಿಗೆಯಾದರೂ ಸರಿ ಎಂದು ಹನೂರಿನ ಹತ್ತಿರ ಒಂದು ಹೊಲ ಹಿಡಿದೆವು. ಕಲ್ಲು ಆಯ್ದು, ಹಿಪ್ಪುನೇರಳೆ ಕಡ್ಡಿ ನೆಟ್ಟು, ಗಂಡನ ಆಟೋದಲ್ಲೇ ಡ್ರಮ್ಮಿನಲ್ಲಿ ನೀರು ಹೊತ್ತು ಬೆಳೆಸಿದೆವು. ಇನ್ನೇನು ಮೊದಲ ಸೊಪ್ಪು ಕೊಯ್ಯಬೇಕು, ಮಾಲೀಕರು ಮನೆಗೇ ಬಂದರು. ‘ನಾವೇ ಉಳ ಸಾಕವ ಅಂತ ಇವ್ನಿ. ನಿಮ್ ಕಾಸು ನೀವು ತಕಳಿ’ ಎಂದರು. ಪುಣ್ಯಕ್ಕೆ ಕಾಸಾದರೂ ಬಂತಲ್ಲ ಎಂದರು ನನ್ನ ಗಂಡ. ನಾನು ನೆಟ್ಟ ಗಿಡಗಳನ್ನು ಯಾರು ವಾಪಸ್ಸು ಕೊಡುತ್ತಾರೆ? ತಂಗಿ ಸುದ್ದಿ ಕೇಳಿ ಓಡಿ ಬಂದು ನನ್ನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ನನ್ನ ದುಃಖದಲ್ಲೂ ಅವಳೇ ಮುಂದೆ. ಅವಳನ್ನು ಸಮಾಧಾನ ಮಾಡಿ ಕಾಫಿ ಕಾಯಿಸುವ ಕೆಲಸ ನನ್ನ ಪಾಲಿಗೆ ಬಂತು.

ಹೋದ ವರ್ಷ ಅವಳ ಹುಳಕ್ಕೆ ಸುಣ್ಣಕಟ್ಟು ರೋಗ ಬಿತ್ತು. ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಹುಳವೆಲ್ಲ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿರುಸಾಗಿ ಸತ್ತವು. ಫೋನಿನಲ್ಲಿ ಇದನ್ನು ಕೇಳಿದಾಗ ನನ್ನ ಹೊಟ್ಟೆ ತಣ್ಣಗಾಯಿತು. ಯಾರದೋ ಕಣ್ಣು ಬಿದ್ದಿದೆ ಎಂದು ಅವಳ ಅತ್ತೆ ತೀರ್ಮಾನಿಸಿದ್ದರು. ಅವ್ವ ಇಲ್ಲದ ಮೇಲೆ ಅಕ್ಕನೇ ಅವ್ವ. ಹಾಗಾಗಿ ದೃಷ್ಟಿ ತೆಗೆಯಲು ಕರೆಸಿದ್ದು ಯಾರನ್ನು? ನನ್ನನ್ನೇ.

ಆ ತಂಪು ಮಾಂಬಳ್ಳಿ ತಲುಪುವವರೆಗೆ ಇತ್ತು. ಹಿತ್ತಿಲಲ್ಲಿ ಗುಂಡಿ ತೋಡಿ ಸತ್ತ ಹುಳವನ್ನೆಲ್ಲ ಸುರಿದಿದ್ದರು. ತಂಗಿ ಅದರ ಪಕ್ಕ ಮಂಕರಿ ಮಗುಚಿ ಹಾಕಿಕೊಂಡು ಕೂತಿದ್ದಳು. ತಲೆ ಬಾಚಿರಲಿಲ್ಲ. ನನ್ನನ್ನು ಕಂಡು ‘ಬಂದ್ಯಾ ಅಕ್ಕ’ ಎಂದಳು, ಅಷ್ಟೇ.

ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಹುಳದ ಮನೆಯ ಬಾಗಿಲಿಗೆ ನಿವಾಳಿಸಿದೆ. ‘ಊರೋರ ಕಣ್ಣು, ಕೇರಿಯೋರ ಕಣ್ಣು, ಓಗೋರ ಕಣ್ಣು, ಬರೋರ ಕಣ್ಣು’ ಎಂದು ಸರಸರನೆ ಹೇಳಿ ನಿಲ್ಲಿಸಿದೆ.

‘ನೆಂಟ್ರು ಕಣ್ಣು ಬುಟ್ಬುಟ್ಯಲ್ಲವ್ವ. ಅದೇ ಮೊದ್ಲು ತಾಕದು’ ಎಂದರು ತಂಗಿಯ ಅತ್ತೆ.

ಇನ್ನೊಂದು ಸಲ ನಿವಾಳಿಸಿ ‘ನೆಂಟ್ರು ಕಣ್ಣು’ ಎಂದೆ. ತಂಗಿ ನೆಲ ನೋಡುತ್ತಿದ್ದಳು. ಎಲ್ಲವನ್ನೂ ಕೆಂಡಕ್ಕೆ ಹಾಕಿದೆ. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಆಗಿದೆ ಎಂದು ನಮ್ಮಲ್ಲಿ ಲೆಕ್ಕ. ಸುಣ್ಣಕಟ್ಟು ಬರುವುದು ಥಂಡಿಗೆ, ಬೂಷ್ಟಿಗೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ಯಾರಾದರೂ ಕೆಮ್ಮಲಿ ಎಂದು ಉಸಿರು ಬಿಗಿಹಿಡಿದು ಕಾದೆ. ಯಾರೂ ಕೆಮ್ಮಲಿಲ್ಲ. ನಾನೇ ಒಂದು ಸಲ ಕೆಮ್ಮಿಬಿಡಲೇ ಎನಿಸಿತು.

‘ಅಬ್ಬಬ್ಬಾ, ಎಂತಾ ಕೆಟ್ಟ ಕಣ್ಣವ್ವ!’ ಎಂದರು ಅತ್ತೆ. ಹೌದು ಎಂದು ನಾನೂ ತಲೆಯಾಡಿಸಿದೆ.

ಬಸ್ಸಿಗೆ ಬಿಡಲು ಬಂದ ತಂಗಿ ದಾರಿಯಲ್ಲಿ ತನ್ನ ಹೊಲದಾಚೆ ಪಾಳು ಬಿದ್ದಿದ್ದ ಒಂದು ಹೊಲದ ಮುಂದೆ ನಿಂತಳು.

‘ಇದ ಮಾರ್ತಾವ್ರೆ ಕಣಕ್ಕ. ನಮ್ಮನೆಯವ್ರು ತಕಳವ ಅಂತಿದ್ರು. ನಾನೇ ಬ್ಯಾಡ ಅಂದೆ. ನಮ್ಮಕ್ಕ ಚಿಕ್ಕೋಳಿದ್ದಾಗಿಂದ್ಲೂ ಒಲ ಒಲ ಅಂತಾಳೆ, ಅವ್ಳಿಗೆ ಬುಡಿ ಅಂದೆ.’

‘ಯಾವಾಗಂದೆ?’

‘ಉಳ ಚೆನ್ನಾಗಿದ್ದಾಗ್ಲೇ.’

ಅಲ್ಲೇ ಅವಳನ್ನು ತಬ್ಬಿಕೊಳ್ಳಬೇಕಿತ್ತು. ನನಗೆ ಬಂದದ್ದು ಸಿಟ್ಟು. ನಾನು ಇಷ್ಟು ವರ್ಷ ಒದ್ದಾಡಿದರೂ ಸಿಗದ ನೆಲ, ಇವಳು ಬೇಡ ಎಂದದ್ದರಿಂದ ಸಿಗಬೇಕೇ? ಆದರೂ ‘ನೀರು?’ ಎಂದೆ.

‘ನಮ್ಮೊಲ ಆದ್ಮೇಲೆ ನಿಂಗೇ’ ಎಂದಳು.

ಆ ಸಲ ಯಾವ ತಕರಾರೂ ಬರಲಿಲ್ಲ. ಸಹಿ ಹಾಕಬೇಕಾದವರನ್ನೆಲ್ಲ ತಂಗಿಯ ಗಂಡನೇ ಮುಂಚಿತವಾಗಿ ಕರೆತಂದು ಕೂರಿಸಿದ್ದರು. ಹೊಲ ನಮ್ಮದಾಯಿತು. ನೆಂಟರ ಮುಂದೆ ‘ನಮ್ಮೊಲ’ ಎಂದು ನಾನು ಬೇಕೆಂದೇ ಜೋರಾಗಿ ಹೇಳುತ್ತೇನೆ. ಕೇಳಿದವರು ‘ಓ, ನಿಮ್ಮ ತಂಗಿ ಹೊಲದ ಪಕ್ಕದ್ದಾ?’ ಎನ್ನುತ್ತಾರೆ.

ನೀರಿನ ಸರದಿ ಬಂದಾಗ ಬೆಳಗಿನ ಬಸ್ಸಿಗೆ ಹೋಗಿ, ಗುದ್ದಲಿ ಹಿಡಿದು ನನ್ನ ಬದುವಿನ ಮೇಲೆ ನಿಲ್ಲುತ್ತೇನೆ. ಮೊದಲು ಅವಳ ಹೊಲ ನೆನೆಯುತ್ತದೆ. ಇವತ್ತಾದರೂ ಅವಳು ತಡ ಮಾಡಲಿ ಎಂದು ದೇವರನ್ನು ಬೇಡಿಕೊಳ್ಳುತ್ತೇನೆ. ಒಂದೇ ಒಂದು ಸಲ ತಡ ಮಾಡಿದರೂ ಸಾಕು, ಇಷ್ಟು ವರ್ಷದ್ದೆಲ್ಲ ಸೇರಿಸಿ ಬೈದುಬಿಡುತ್ತೇನೆ. ಆದರೆ ಅವಳು ತನ್ನ ಕೊನೆಯ ಸಾಲು ಇನ್ನೂ ಒಣಗಿರುವಾಗಲೇ ನೀರು ಈಚೆಗೆ ತಿರುಗಿಸಿ ‘ಬರ್ತಾ ಅದೆ ಕಣಕ್ಕ, ಕಟ್ಕೊ!’ ಎಂದು ಕೂಗುತ್ತಾಳೆ. ನೀರು ಬಂದೇ ಬರುತ್ತದೆ. ಬೈಯಲು ನನಗೆ ಏನೂ ಸಿಗುವುದಿಲ್ಲ.