ಪುಕ್ಕಮ್ಮನಿಗೆ ಆ ಹೆಸರು ಬಂದದ್ದು

ಬೀದಿಯೆಲ್ಲ ಪುಕ್ಕಮ್ಮ ಎಂದು ಕರೆಯುವ ಮೊದಲು ಅವಳು ಆ ಮನೆಯ ಕಿರಿ ಸೊಸೆ, ಅಷ್ಟೇ. ಗಂಡ ಬಸ್ಸು ರಿಪೇರಿ ಮಾಡುವವನು. ಅಂಗಳ ಒಂದೇ, ಒಲೆ ಎರಡು. ಈ ಕಡೆ ಇವಳು, ಆ ಕಡೆ ಓರಗಿತ್ತಿ, ನಡುವೆ ಎರಡು ಕಡೆಯೂ ಉಂಡು ಎರಡಕ್ಕೂ ಉಪ್ಪು ಕಡಿಮೆ ಎನ್ನುವ ಅತ್ತೆ. ಹಿತ್ತಲಿನ ಕೋಳಿಗಳ ಮೊಟ್ಟೆ ಎದುರಿನ ಬೇಕರಿಗೆ ಹೋಗುತ್ತಿತ್ತು.

ಓರಗಿತ್ತಿಯ ಹತ್ತಿರ ಒಂದು ಬಿಳಿ ಕೋಳಿ ಇತ್ತು. ಕಾಲು, ಕೊಕ್ಕು, ಮೈಕಟ್ಟು ಉಳಿದ ಕೋಳಿಗಳಂತೆಯೇ, ಗರಿ ಮಾತ್ರ ರೇಷ್ಮೆ. ಎಳೆಎಳೆ ಬಿಡಿಸಿಕೊಂಡು ಗಾಳಿಗೆ ಹೊಗೆಯಂತೆ ಅಲುಗುತ್ತಿತ್ತು. ಓರಗಿತ್ತಿಗೆ ಅದರ ಮೇಲೆ ಜೀವ. ಒಂದು ಮಧ್ಯಾಹ್ನ ಬೀದಿನಾಯಿ ಅದನ್ನು ಕಚ್ಚಿಕೊಂಡು ಹೋಯಿತು. ಬುಟ್ಟಿಯಲ್ಲಿ ಅದರ ಮೊಟ್ಟೆಗಳಷ್ಟೇ ಉಳಿದವು. ಕಿರಿಯವಳ ಕಂದು ಕೋಳಿ ಆಗಷ್ಟೇ ಕಾವಿಗೆ ಕೂತಿತ್ತು. ಓರಗಿತ್ತಿ ಕಣ್ಣೊರೆಸಿಕೊಳ್ಳುತ್ತ ಮೊಟ್ಟೆಗಳನ್ನು ತಂದು ಅವಳ ಮಡಿಲಿಗೆ ಹಾಕಿದಳು.

ಮರಿಗಳಾದವು, ಬೆಳೆದವು. ಒಂದಕ್ಕೂ ರೇಷ್ಮೆ ಗರಿಯಿಲ್ಲ.

"ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ನನ್ನ ರೇಷ್ಮೆ ನೂಲಿಗೆ ನಿನ್ನ ಗೂಡಲ್ಲಿ ಗೋಣಿಚೀಲ ಹೇಗೆ ಹುಟ್ಟಿತೇ?" ಎಂದಳು ಓರಗಿತ್ತಿ.

"ಅಕ್ಕಾ, ನೀನು ಕೊಟ್ಟ ಮೊಟ್ಟೆನೇ ಇಟ್ಟಿದ್ದು."

"ನಾನು ಕೊಟ್ಟಿದ್ದು ಬೇಕರಿಗೆ ಹೋಗಿ ಕೇಕ್ ಆಯ್ತು. ಇವು ನಿನ್ನವು, ನೀನೇ ಇಟ್ಕೋ."

ಅದನ್ನೇ ಹೋಗಿ ಬೇಕರಿಯವಳಿಗೂ ಹೇಳಿದಳು. ಬೇಕರಿಯವಳು ಅದನ್ನು ಸಂಜೆಯೊಳಗೆ ಬೀದಿಗೆಲ್ಲ ಹಂಚಿ, ಅಂದಿನಿಂದ ಕಿರಿಯವಳ ಮುಖವನ್ನು ಒಂದು ಥರ ನೋಡತೊಡಗಿದಳು. ಕಳ್ಳಿ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಕಂದು ಕೋಳಿ ಕಾವು ಕೊಟ್ಟದ್ದರಿಂದ ಅದರ ಗುಣ ಮರಿಗಳಿಗೆ ಇಳಿದಿರಬೇಕು ಎಂದರು ಅತ್ತೆ. ಅವಳು ಅದನ್ನೂ ನಂಬಿ, ಪಾಪದ ಕಂದು ಕೋಳಿಯ ಮೇಲೆ ಸಿಟ್ಟು ಮಾಡಿಕೊಂಡಳು.

ಪಕ್ಕದ ಮನೆಯ ಹಸು ನೋಡಲು ಬಂದ ಪಶುವೈದ್ಯರ ಮುಂದೆ ತಡೆಯಲಾರದೆ ಎಲ್ಲ ಹೇಳಿಕೊಂಡಳು.

"ಕಾವಿಗೂ ಗರಿಗೂ ಸಂಬಂಧ ಇಲ್ಲಮ್ಮ. ಹುಂಜ ಯಾವುದಿತ್ತು?"

"ನಮ್ಮ ಮಾಮೂಲಿ ಕೆಂಪು ಹುಂಜ."

"ಹಂಗಾದ್ರೆ ಸರಿ. ಆ ರೇಷ್ಮೆ ಗುಣ ತಂದೆ ತಾಯಿ ಎರಡೂ ಕಡೆಯಿಂದ ಬಂದ್ರೇನೇ ಕಾಣೋದು. ಒಂದು ಕಡೆಯಿಂದ ಬಂದ್ರೆ ಒಳಗೇ ಅಡಗಿ ಕೂತಿರುತ್ತೆ. ಈ ಮರಿಗಳನ್ನೇ ಜೊತೆ ಮಾಡಿ. ಮೊಮ್ಮರಿಗಳಲ್ಲಿ ಒಂದೆರಡಕ್ಕಾದರೂ ಬರಬಹುದು."

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದೇ ಗಂಡನಿಂದ ಹಳೆಯ ಬಸ್ಸಿನ ಕಿಟಕಿ ಜಾಲರಿ ತರಿಸಿ, ಆ ಮರಿಗಳಿಗೆ ಬೇರೆಯೇ ಗೂಡು ಕಟ್ಟಿಸಿದಳು. ಕೆಂಪು ಹುಂಜ ಅತ್ತ ಸುಳಿಯದಂತೆ ಕಾವಲು ಕಾದಳು.

"ಅಣ್ಣ ತಂಗಿನ ಒಂದೇ ಗೂಡಿಗೆ ಹಾಕಿದೀಯಲ್ಲೇ" ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

"ಅವು ನನ್ನ ಕೇಳಲ್ಲ ಅತ್ತೆ, ನಿಮ್ಮನ್ನೂ ಕೇಳಲ್ಲ."

ಮೊಮ್ಮರಿಗಳು ಹೊರಬಂದಾಗ ಎಲ್ಲವೂ ಹತ್ತಿಯುಂಡೆಗಳೇ. ಮೊಟ್ಟೆಯೊಡೆದು ಬಂದ ಮರಿಗೆ ಯಾವ ಜಾತಿಯಾದರೂ ಮೈತುಂಬ ತುಪ್ಪಳವೇ ತಾನೆ. ಗರಿ ಮೂಡುವವರೆಗೆ ಕಾಯಲೇಬೇಕು. ಬೆಳಗಾದರೆ ಸಾಕು, ಒಂದೊಂದನ್ನೂ ಎತ್ತಿ ರೆಕ್ಕೆ ಬಿಡಿಸಿ ಪುಕ್ಕ ಬಂತೇ ಎಂದು ನೋಡುವಳು. ಬೇಲಿಯಾಚೆಯ ಹೆಂಗಸರು ನಕ್ಕು ಪುಕ್ಕಮ್ಮ ಎಂದು ಕರೆಯತೊಡಗಿದ್ದು ಆಗಲೇ. ಮೊದಲು ಮೂಡಿದ ಗರಿಗಳು ಎಲೆಯಂತೆ ಚಪ್ಪಟೆ. ಮರುದಿನವೂ ಚಪ್ಪಟೆಯೇ. ಕೊನೆಗೊಂದು ಬೆಳಿಗ್ಗೆ, ಮೂಲೆಯಲ್ಲಿ ಮುದುಡಿದ್ದ ಬೂದು ಮರಿಯ ರೆಕ್ಕೆ ಬಿಡಿಸಿದಳು. ಗರಿ ಕೂಡಿ ನಿಲ್ಲಲಿಲ್ಲ. ಊದಿದಳು, ಎಳೆಎಳೆಯಾಗಿ ಚದುರಿತು.

ಮರಿಯನ್ನು ಎದೆಗೊತ್ತಿಕೊಂಡು ಅಂಗಳ ದಾಟಿ ಓಡಿದಳು. ಓರಗಿತ್ತಿ ಹಾಲು ಕಾಯಿಸುತ್ತಿದ್ದಳು.

"ಅಕ್ಕಾ, ಇದನ್ನ ಹಿಡಿ."

ಓರಗಿತ್ತಿ ಮುಖ ಗಂಟಿಕ್ಕಿಕೊಂಡೇ ಹಿಡಿದಳು. ಊದಿದಳು. ಬೆರಳಿಂದ ಸವರಿದಳು, ನಂಬದೆ ಇನ್ನೊಂದು ರೆಕ್ಕೆಯನ್ನೂ ಬಿಡಿಸಿದಳು.

"ಎಲ್ಲಿಂದ ತಂದ್ಯೇ?"

"ನೀನು ನನಗೇ ಬಿಟ್ಟೆಯಲ್ಲ, ಆ ಗೋಣಿಚೀಲಗಳ ಮರಿ. ನಿನ್ನ ಬಿಳಿ ಕೋಳಿಯ ಮೊಮ್ಮಗು."

ಹಾಲು ಉಕ್ಕಿ ಒಲೆಗೆ ಬಿತ್ತು. ಇಬ್ಬರೂ ನೋಡಲಿಲ್ಲ. ಓರಗಿತ್ತಿ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಉಳಿದ ಮರಿಗಳನ್ನೂ ತಡಕಿದಳು. ಬೂದು ಬಣ್ಣದ್ದೇ ಇನ್ನೊಂದು ಸಿಕ್ಕಿತು. ಎರಡನ್ನೂ ಸೆರಗಿಗೆ ಹಾಕಿಕೊಂಡು ಎದ್ದವಳು ಮನೆಯೊಳಗೆ ಹೋಗಲಿಲ್ಲ. ಬರಿಗಾಲಲ್ಲೇ ನೆಟ್ಟಗೆ ಬೀದಿ ದಾಟಿದಳು. ಪುಕ್ಕಮ್ಮ ಹಿಂದೆಯೇ ಓಡಿದಳು.

ಬೇಕರಿಯ ಮುಂದೆ ಬ್ರೆಡ್ಡಿಗೆ ನಿಂತವರೆಲ್ಲ ಕೇಳುವಂತೆ ಓರಗಿತ್ತಿ ಬೇಕರಿಯವಳಿಗೆ ಹೇಳಿದಳು:

"ನೋಡೇ, ಇವಳು ಮೊಟ್ಟೆ ಬದಲಾಯಿಸಿರಲಿಲ್ಲ. ನಾನು ನಿನ್ನ ಹತ್ರ ಹೇಳಿದ್ದು ಸುಳ್ಳು. ಇದನ್ನೂ ಅಷ್ಟೇ ಬೇಗ ಎಲ್ಲರಿಗೂ ಹೇಳು."