ಹುಳದ ಮನೆಗೆ ನಲವತ್ತು ಹೆಜ್ಜೆ

ಕೋಳಿ ಅಡ್ಡ ಬರಬಹುದಿತ್ತು. ಹಸುವಿನ ಹಗ್ಗ ಕಾಲಿಗೆ ತೊಡರಬಹುದಿತ್ತು. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸೋಪಿನ ನೀರು ನಿಂತಿರಬಹುದಿತ್ತು. ಸೀರೆಯ ಅಂಚು ಹೆಬ್ಬೆರಳಿಗೆ ಸಿಕ್ಕಿಕೊಳ್ಳಬಹುದಿತ್ತು, ಬೆಳಗಿನ ಬಿ.ಪಿ. ಮಾತ್ರೆ ತಲೆ ಸುತ್ತಿಸಬಹುದಿತ್ತು. ಪೊರೆ ತೆಗೆಸಿದ ಎಡಗಣ್ಣಿಗೆ ಬಿಸಿಲು ರಾಚಬಹುದಿತ್ತು. ತೊಡೆಯೊಳಗೆ ಕೂರಿಸಿದ ಸ್ಟೀಲ್ ರಾಡು ಹೇಳದೆ ಕೇಳದೆ ಸಡಿಲವಾಗಬಹುದಿತ್ತು. ಭೂಕಂಪವನ್ನೂ ನಾನು ಪಟ್ಟಿಯಿಂದ ಕೈಬಿಟ್ಟಿರಲಿಲ್ಲ. ನಮ್ಮ ಸಾತನೂರಿನಲ್ಲಿ ಭೂಕಂಪ ಆಗುವುದಿಲ್ಲ ಎನ್ನುತ್ತಾರೆ. ಆಗುವವರೆಗೆ ಅದು ಎಲ್ಲೂ ಆಗುವುದಿಲ್ಲ.

ಕಳೆದ ಭಾನುವಾರ ನನ್ನ ಅವ್ವ, ನಾಲ್ಕು ತಿಂಗಳ ಮೇಲೆ ಮೊದಲ ಸಲ, ಹಿತ್ತಿಲ ಬಾಗಿಲಿನಿಂದ ಹುಳದ ಮನೆಗೆ ಯಾರ ಕೈಯನ್ನೂ ಹಿಡಿಯದೆ ಹೊರಟಾಗ ನಾನು ಮನಸ್ಸಿನಲ್ಲೇ ಹಾಕಿಕೊಂಡ ಪಟ್ಟಿ ಇದು. ದೂರ ನಲವತ್ತು ಹೆಜ್ಜೆ. ಅವ್ವನಿಗೆ ಎಪ್ಪತ್ತೆಂಟು. ನಾನು ಕನಕಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಐವತ್ತೆರಡು ವರ್ಷದವನು. ಲೆಕ್ಕ ಕಲಿಸುವುದು ಹೊಟ್ಟೆಪಾಡು, ಹೆದರುವುದು ನನ್ನ ನಿಜವಾದ ಕಸುಬು.

ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲ. ಆಗಿದ್ದು ಬೇರೆಯದೇ, ಬಹಳ ಸಣ್ಣದು. ಅದನ್ನು ಹೇಳುವ ಮುಂಚೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹಿತ್ತಿಲಿನಾಚೆ ಶೀಟು ಹೊದಿಸಿದ ಒಂದು ಕಟ್ಟಡ, ಅದೇ ಹುಳದ ಮನೆ. ಈಗ ಅದನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ ನಾಗರತ್ನ. ಆದರೆ ಒಂದು ಕೆಲಸವನ್ನು ಅವ್ವ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸೊಪ್ಪು ತಿಂದು ಬೆಳೆದ ಹುಳ ಗೂಡು ಕಟ್ಟಲು ಸಿದ್ಧವಾಗುವುದಕ್ಕೆ ನಾವು ಹಣ್ಣಾಗುವುದು ಎನ್ನುತ್ತೇವೆ. ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಒಂದು ದಿನ ಮುಂಚೆ ಬಿಟ್ಟರೂ ಕಷ್ಟ, ತಡವಾದರೂ ಕಷ್ಟ. ಅವ್ವ ಒಂದು ಹುಳವನ್ನು ಬೆರಳ ಮೇಲೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮೈಯೊಳಗೆ ಬೆಳಕು ಹಾಯುವುದನ್ನು ನೋಡಿ "ಬಿಡಬೋದು" ಎಂದರೆ ಮುಗಿಯಿತು. ಇಡೀ ಮನೆ ಆಮೇಲೆ ಅದರಂತೆ ಓಡುತ್ತಿತ್ತು.

ಅವ್ವನ ನಡಿಗೆಯನ್ನು ನೀವು ನೋಡಬೇಕಿತ್ತು. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಕಾಲ ಕೆಳಗೆ ಒಂದು ಗೇಣು ಅಗಲದ ಬದು, ಬಾಯಲ್ಲಿ ಎರಡು ಹೊಲದಾಚೆಯವಳ ಜೊತೆ ಜಗಳ. ಹೊರೆಯೂ ಬೀಳುತ್ತಿರಲಿಲ್ಲ, ಜಗಳವೂ ಬೀಳುತ್ತಿರಲಿಲ್ಲ. ತನಗೆ ಕಾಲುಗಳಿವೆ ಎಂಬುದು ಅವಳಿಗೆ ನೆನಪಾಗುತ್ತಿದ್ದುದು ರಾತ್ರಿ ಎಣ್ಣೆ ಹಚ್ಚುವಾಗ ಮಾತ್ರ.

ಹೋದ ವರ್ಷ ನಮ್ಮ ಬೀದಿಯ ಮುದುಕಿಯೊಬ್ಬಳು ಬಚ್ಚಲಲ್ಲಿ ಜಾರಿ ಬಿದ್ದು, ಮತ್ತೆ ಏಳದೆ ತೀರಿಹೋದಳು. ಮಣ್ಣು ಮಾಡಿ ಬಂದ ಸಂಜೆಯಿಂದಲೇ ನಾನು ಅವ್ವನ ಹಿಂದೆ ನಡೆಯತೊಡಗಿದೆ. "ಅವ್ವ, ಹುಷಾರು." "ಅವ್ವ, ಹೊಸ್ತಿಲು." "ಅವ್ವ, ಕಾಲು ನೋಡ್ಕೊಂಡು ನಡಿ."

"ಏನ್ಲಾ ಮಾದೇವ, ಬಸ್ ಕಂಡಕ್ಟ್ರು ತರ ಹಿಂದೆ ನಿಂತ್ಕಂಡು ರೈಟ್ ರೈಟ್ ಅಂತೀಯಲ್ಲ, ನಾನೇನು ರಿವರ್ಸ್ ತಕ್ಕತಾ ಇದ್ದೀನಾ?" ಎನ್ನುತ್ತಿದ್ದಳು. ಚನ್ನಪಟ್ಟಣದಿಂದ ಅರಗಿನ ಬಣ್ಣ ಹಾಕಿದ ಕೆಂಪು ಹಳದಿ ಊರುಗೋಲು ಮಾಡಿಸಿ ತಂದೆ. ತಿರುಗಿಸಿ ತಿರುಗಿಸಿ ನೋಡಿ, "ಇದ್ಕೆ ಎರಡು ಚಕ್ರ ಹಾಕ್ಸಿದ್ರೆ ಮಕ್ಳಾದ್ರೂ ಆಡ್ಕಂತಿದ್ವು" ಎಂದು ಅದನ್ನು ಕೋಳಿ ಓಡಿಸಲು ಇಟ್ಟುಕೊಂಡಳು.

ಹುಳದ ಮನೆಯ ಬಾಗಿಲಲ್ಲಿ ಒಂದು ಪದ್ಧತಿ ಉಂಟು. ಹೊರಗಿನ ರೋಗ ಒಳಗೆ ಬಾರದಿರಲೆಂದು ಸುಣ್ಣದ ಪುಡಿ ಹರಡಿರುತ್ತಾರೆ. ಬರಿಗಾಲಲ್ಲಿ ಅದನ್ನು ತುಳಿದೇ ಒಳಗೆ ಹೋಗಬೇಕು. ಹಾಗಾಗಿ ಒಳಗಿನ ಸಿಮೆಂಟು ನೆಲದ ಮೇಲೆ ಯಾರು ಬಂದರು, ಹೇಗೆ ಬಂದರು ಎಂಬುದೆಲ್ಲ ಬಿಳಿಯಾಗಿ ಬರೆದಿರುತ್ತದೆ. ಅವ್ವನ ಬಲಗಾಲಿನ ಕಿರುಬೆರಳು ನೆಲ ಮುಟ್ಟುವುದಿಲ್ಲ, ಅವಳ ಹೆಜ್ಜೆ ಗುರುತಿಸುವುದು ಸುಲಭ. ನಾನು, ನಗಬೇಡಿ, ಶಾಲೆಯ ಒಂದಡಿಯ ಸ್ಕೇಲು ತಂದು ಹೆಜ್ಜೆಗಳ ನಡುವಿನ ಅಂತರ ಅಳೆಯತೊಡಗಿದೆ. ಒಂದು ವಿಚಿತ್ರ ಕಂಡಿತು. ವಾರದ ದಿನಗಳಲ್ಲಿ ಹೆಜ್ಜೆ ಉದ್ದ, ಒಂದೇ ಸಮ. ಭಾನುವಾರ ಮಾತ್ರ ಗಿಡ್ಡ, ಓರೆ, ಅಲ್ಲಲ್ಲಿ ಎಳೆದ ಗೀರು. ಭಾನುವಾರದ ಊಟ ಭಾರವಾಯಿತೇನೋ ಎಂದುಕೊಂಡು ಎರಡು ವಾರ ಮನೆಯಲ್ಲಿ ಬಾಡೂಟ ನಿಲ್ಲಿಸಿದೆ.

ಭಾನುವಾರ ಶಾಲೆಗೆ ರಜೆ, ಅವತ್ತು ಅವ್ವನ ಹಿಂದೆ ನಾನಿರುತ್ತೇನೆ ಎಂಬುದು ಗಣಿತದ ಮೇಷ್ಟರಿಗೆ ಹೊಳೆಯಲಿಲ್ಲ.

ಹಿತ್ತಿಲ ದಾರಿಗೆ ಅಡ್ಡಲಾಗಿ ಸೊಪ್ಪಿನ ತೋಟಕ್ಕೆ ನೀರು ಹೋಗುವ ಒಂದು ಕಪ್ಪು ಪೈಪು ಬಿದ್ದಿತ್ತು. ವರ್ಷಗಳಿಂದ ಅವ್ವ ಅದನ್ನು ನೋಡದೆಯೇ ದಾಟುತ್ತಿದ್ದಳು. ನಾಲ್ಕು ತಿಂಗಳ ಹಿಂದಿನ ಒಂದು ಭಾನುವಾರ, ನಾಗರತ್ನ ಹುಳದ ಮನೆಯ ಬಾಗಿಲಲ್ಲಿ ನಿಂತು "ಅತ್ತೆಮ್ಮ, ಒಸಿ ಬಂದು ನೋಡಿ, ಹಣ್ಣಾಗವೋ ಇಲ್ವೋ" ಎಂದು ಕೂಗಿದಳು. ಅವ್ವ ಹುಳ ಇಡುವ ಖಾಲಿ ತಟ್ಟೆಯನ್ನು ಸೊಂಟಕ್ಕೆ ಒತ್ತಿ, ಆ ಬಾಗಿಲನ್ನೇ ನೋಡುತ್ತ ಬಿರಬಿರನೆ ಹೊರಟಳು. ನಾನು ಹಿಂದಿನಿಂದ ಕೂಗಿದೆ: "ಅವ್ವಾ, ಪೈಪು! ಕಾಲು ನೋಡ್ಕೊ!"

ಅವ್ವ ಕಾಲು ನೋಡಿಕೊಂಡಳು. ಎತ್ತಿದ ಕಾಲು ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು. ಆಮೇಲೆ ಕೇಳಿಸಿದ್ದು ತಟ್ಟೆ ಉರುಳಿದ ಸದ್ದು.

ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮೂಳೆ ಕೂಡಿಕೊಂಡಿತು. ನಡಿಗೆ ಮಾತ್ರ ವಾಪಸು ಬರಲಿಲ್ಲ. ವಾಕರ್ ಹಿಡಿದು, ಎರಡು ಪಾದಗಳನ್ನೂ ಪರರ ಮನೆಯ ಮಕ್ಕಳನ್ನು ಕಾಯುವವಳಂತೆ ದಿಟ್ಟಿಸುತ್ತ, ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು. "ಹುಳದ ಮನೆ ತಂಕ ಹೋದ್ರೆ ಸಾಕು ಕಣ್ಲಾ. ಬೇರೆಲ್ಲಿಗೆ ಹೋಗೋದೈತೆ ನಂಗೆ" ಎಂದು ಒಂದು ದಿನ ಗೋಡೆಗೆ ಹೇಳಿದಳು. ಎರಡು ಬೆಳೆ ಹುಳ ಅವಳ ಕಣ್ಣಿಗೆ ಬೀಳದೆಯೇ ಮುಗಿದುಹೋದವು. ನಾಗರತ್ನ ತಟ್ಟೆಯಲ್ಲಿ ನಾಲ್ಕು ಹುಳ ತಂದು ತೋರಿಸಿದಳು. ಅವ್ವ ಮುಟ್ಟಲಿಲ್ಲ. "ಎಲ್ಲಾ ಹುಳ ಇಲ್ಲಿಗೆ ತರಕ್ಕಾಯ್ತದಾ, ತಕ್ಕೊಂಡು ಹೋಗವ್ವ" ಎಂದಳು.

ವ್ಯಾಯಾಮ ಮಾಡಿಸಲು ಕನಕಪುರದಿಂದ ಬರುತ್ತಿದ್ದ ಹುಡುಗಿಗೆ ನನ್ನ ಮಗಳ ವಯಸ್ಸು, ನನ್ನ ಹೆಡ್ಮಾಸ್ಟರ ಗತ್ತು. ಎರಡು ದಿನ ನನ್ನನ್ನು ಗಮನಿಸಿ, ಹೊರಗೆ ಕರೆದು ಕೇಳಿದಳು: "ಸಾರ್, ನೀವು ಹಿಂದೆ ನಿಂತು ಏನಾದ್ರೂ ಹೇಳ್ತಿರ್ತೀರಾ?"

"ಇಲ್ಲವಲ್ಲ. ಹುಷಾರು ಅಂತೀನಿ, ಅಷ್ಟೆ."

ಅವಳು ವಿವರಿಸಿದಳು. ನಡೆಯುವುದು ಕಾಲು ತಾನಾಗಿ ಮಾಡುವ ಕೆಲಸ. ವಯಸ್ಸಾದವರು ಬೀಳುವ ಭಯದಲ್ಲಿ ಪ್ರತಿ ಹೆಜ್ಜೆಯನ್ನೂ ಮನಸ್ಸಿನಿಂದ ನಡೆಸಲು ಹೋದರೆ ಮೈ ಬಿಗಿಯಾಗುತ್ತದೆ, ಲಯ ಕೆಡುತ್ತದೆ, ಮುಂದೇನಿದೆ ಎಂದು ನೋಡುವುದಕ್ಕೆ ಮನಸ್ಸೇ ಉಳಿಯುವುದಿಲ್ಲ. ಎಲ್ಲರಿಗೂ ಹೀಗೇ ಅಂತಲ್ಲ, ಆದರೆ ಬಹಳ ಮಂದಿಗೆ, ಗಮನ ಕಾಲಿನ ಮೇಲಿರುವುದಕ್ಕಿಂತ ಹೋಗಬೇಕಾದ ಕಡೆ ಇದ್ದರೆ ವಾಸಿ. "ಕಾಲು ಅನ್ನಬೇಡಿ ಸಾರ್. ಎಲ್ಲಿಗೆ ಹೋಗಬೇಕು ಅದನ್ನ ಹೇಳಿ. ಮತ್ತೆ ಆ ಪೈಪು ಇನ್ನೂ ಅಲ್ಲೇ ಇದೆಯಲ್ಲ, ಅದನ್ನ ಯಾಕೆ ತೆಗೆದಿಲ್ಲ?"

ತಿಂಗಳುಗಟ್ಟಲೆ ಆ ಪೈಪಿನ ಬಗ್ಗೆ ಎಚ್ಚರಿಸಿದ್ದೆ, ಅದು ಅವ್ವನನ್ನು ಬೀಳಿಸುವುದನ್ನು ಕಲ್ಪನೆಯಲ್ಲಿ ನೂರು ಸಲ ಕಂಡಿದ್ದೆ, ಬಗ್ಗಿ ಒಂದು ಮೊಳ ಆಚೆ ಸರಿಸಿರಲಿಲ್ಲ. ಹೆದರಿಕೆಯೇ ಆರೈಕೆ ಎಂದುಕೊಂಡವನಿಗೆ ಕೈ ಇರುವುದು ಮರೆತುಹೋಗುತ್ತದೆ.

ಅವಳ ಮಾತು ನಿಜವೇ ಎಂದು ಪರೀಕ್ಷಿಸಲು ಮಾರನೆಯ ದಿನ ಶಾಲೆಯ ಮೆಟ್ಟಿಲಿಳಿಯುವಾಗ ನನ್ನ ಪಾದಗಳನ್ನೇ ನೋಡುತ್ತ, ಈಗ ಎಡ, ಈಗ ಬಲ ಎಂದುಕೊಂಡೆ. ಮೂರನೆಯ ಮೆಟ್ಟಿಲಲ್ಲಿ ಕಂಬಿ ಹಿಡಿಯಬೇಕಾಯಿತು. ಬ್ಯಾಂಕಿನವರು "ಹಳೇ ಸಹಿ ಥರಾನೇ ಹಾಕಿ" ಎಂದಾಗ ಮೂವತ್ತು ವರ್ಷ ಹಾಕಿದ ಸಹಿ ಕೈತಪ್ಪುತ್ತದಲ್ಲ, ಹಾಗೆ.

ಪೈಪನ್ನು ಮಣ್ಣಿನಲ್ಲಿ ಹೂತೆ. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದೆ. ನನ್ನ ಬಾಯನ್ನೂ ಮುಚ್ಚಿದೆ. ಅವ್ವ ಮೊದಲು ಕಿಟಕಿಯವರೆಗೆ, ಆಮೇಲೆ ತುಳಸಿ ಕಟ್ಟೆಯವರೆಗೆ, ಎದುರಿನದನ್ನು ನೋಡುತ್ತ ನಡೆಯತೊಡಗಿದಳು. ಕಳೆದ ಭಾನುವಾರ ನಾಗರತ್ನ ಮತ್ತೆ ಆ ಬಾಗಿಲಲ್ಲಿ ನಿಂತು ಕೂಗಿದಳು: "ಅತ್ತೆಮ್ಮ, ಹಣ್ಣಾಗವೋ ಏನೋ, ನಂಗೆ ಗೊತ್ತಾಯ್ತಿಲ್ಲ. ನೀವೇ ಬರ್ಬೇಕು."

ಅವ್ವ ಖಾಲಿ ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡಳು. ವಾಕರ್ ಬಿಟ್ಟಳು. ಹೊರಟಳು. ಕೈಗೆಟಕುವಷ್ಟು ಹಿಂದೆ ನಾನು, ಬಾಯಿ ಬಿಗಿಹಿಡಿದು. ಹತ್ತು ಹೆಜ್ಜೆ. ಹದಿನೈದು. ಇಪ್ಪತ್ತು. ಹಳೆಯ ಅವ್ವ. ಕೋಳಿ ಬರಲಿಲ್ಲ, ಸೀರೆ ಕಾಲಿಗೆ ಸಿಕ್ಕಿಕೊಳ್ಳಲಿಲ್ಲ, ಭೂಮಿ ನಡುಗಲಿಲ್ಲ.

ಪೈಪು ಇದ್ದ ಜಾಗಕ್ಕೆ ಬಂದಾಗ ನಿಂತಳು. ಅಲ್ಲೀಗ ಏನೂ ಇಲ್ಲ, ಬರಿ ಮಣ್ಣು. ತಿರುಗದೆಯೇ ಕೇಳಿದಳು: "ಮಾದೇವ, ಹಿಂದೆ ಇದ್ದೀಯೇನ್ಲಾ?"

"ಇದ್ದೀನವ್ವ."

"ಮತ್ಯಾಕ್ಲಾ ಸುಮ್ಕಿದ್ದೀಯ? ಹೇಳು ಮಗ. ಯಾವ ಕಾಲು ಮೊದ್ಲು ಇಡ್ಲಿ?"

ಜೀವನದಲ್ಲಿ ಯಾರನ್ನೂ ಏನೂ ಕೇಳಿದವಳಲ್ಲ. ಏನು ಹೇಳಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಗರತ್ನ ಕಾಯ್ತಾವ್ಳೆ ಅವ್ವ, ಬಾಗಿಲು ನೋಡು, ಹುಳ ನೋಡು: ಹುಡುಗಿ ನನಗೆ ಬಾಯಿಪಾಠ ಮಾಡಿಸಿದ್ದಳು.

"ಬಲಗಾಲು" ಎಂದೆ.

ಅವ್ವ ತಲೆ ತಗ್ಗಿಸಿ, ನೋಡಿಕೊಂಡು, ಬಲಗಾಲು ಇಟ್ಟಳು. ಆಮೇಲೆ ಎಡಗಾಲನ್ನೇ ನೋಡುತ್ತ, ನಾನು ಹೇಳಲೆಂದು ಕಾದಳು.