ದ್ರಾಕ್ಷಿಗೆ ಸಾಕ್ಷಿ ನಿಂತ ನಾಯಿ

ಆ ಬೀದಿಯ ಹಣ್ಣಿನ ಅಂಗಡಿಯವನಿಗೆ ಜನ ಇಟ್ಟಿದ್ದ ಹೆಸರು ಮೆಣಸಿನಕಾಯಿ. ಬೆಳಗಿನಿಂದ ಸಂಜೆವರೆಗೆ ಮಾರುವುದು ಸಿಹಿ, ಬಾಯಿ ಮಾತ್ರ ಖಾರ. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ, ಇವನದು ಮೂಗಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಯಾರಾದರೂ ಹೆಬ್ಬೆರಳಿನಿಂದ ಹಣ್ಣನ್ನು ಒತ್ತಿ ನೋಡಿದರೆ ಮುಗಿಯಿತು. ‘ಅದು ಹಣ್ಣು, ಕಾಲಿಂಗ್ ಬೆಲ್ ಅಲ್ಲ’ ಅನ್ನುತ್ತಿದ್ದ. ಒತ್ತಿದವರು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ, ಒತ್ತಿದ್ದನ್ನೇ ಕೊಂಡು ಹೋಗುತ್ತಿದ್ದರು.

ಓದು ತಲೆಗೆ ಹತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮೇಷ್ಟ್ರು ಒಂದು ಮಾತು ಅಂದರೆ ಇವನು ಎರಡು ಅನ್ನುವವನು. ಒಂದು ದಿನ ಮೂರು ಅಂದು ಮನೆಗೆ ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಅಪ್ಪನ ತಳ್ಳುಗಾಡಿ ಹಿಡಿದ. ಬಿಸಿಲಲ್ಲಿ ಗಾಡಿ ತಳ್ಳಿ ತಳ್ಳಿ, ಕೊನೆಗೆ ಈ ಬೀದಿಯಲ್ಲಿ ತಗಡಿನ ಬಾಗಿಲಿನ ಒಂದು ಅಂಗಡಿ ಮಾಡಿಕೊಂಡ. ಕಲ್ಲಂಗಡಿಗೆ ಬೆರಳಿನಿಂದ ತಟ್ಟಿ ಸದ್ದು ಕೇಳಿ ಒಳಗಿನ ಕೆಂಪು ಹೇಳುತ್ತಿದ್ದ. ಅನಾನಸಿನ ಬುಡ ಮೂಸಿ ಇನ್ನೂ ಎಷ್ಟು ದಿನ ತಡೆಯುತ್ತದೆ ಅನ್ನುತ್ತಿದ್ದ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಒಂದೊಂದು ಹಣ್ಣನ್ನೂ ಕೈಯಲ್ಲಿ ತಿರುಗಿಸಿ, ಉಗುರಿನಷ್ಟು ಕಪ್ಪು ಕಂಡರೂ ಎತ್ತಿ ಹೊರಗೆ ಹಾಕುತ್ತಿದ್ದ. ಅವನಿಗೆ ತಾಯಿ ಹೆಸರು ಹಿಡಿದು ಬೈದರೂ ಸಹಿಸಿಕೊಂಡಾನು. ‘ಕೊಳೆತದ್ದು ಕೊಟ್ಟೆ’ ಅಂದರೆ ಮಾತ್ರ ಆ ಗಿರಾಕಿ ಜನ್ಮದಲ್ಲಿ ಆ ಅಂಗಡಿ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

ಪಕ್ಕದ ಅಂಗಡಿ ಅವನ ಅಕ್ಕನದು. ನಡುವೆ ಒಂದೇ ಗೋಡೆ. ಅವಳು ಹೊಲಿಗೆಯವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಹರಿದ ಜಿಪ್ ಬದಲಿಸುವುದು, ಪರದೆ, ದಿಂಬಿನ ಕವರು, ಶಾಲೆ ಮಕ್ಕಳ ಸಮವಸ್ತ್ರ, ಯಾವುದಕ್ಕೂ ಇಲ್ಲ ಅಂದವಳಲ್ಲ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳು ಅವಳೇ. ಆದ್ದರಿಂದಲೋ ಏನೋ, ಅವನು ಹೆದರುತ್ತಿದ್ದದ್ದು ಅವಳ ಬಾಯಿಗೆ ಮಾತ್ರ. ಇವನು ಗಿರಾಕಿಯ ಮೇಲೆ ಹಾರಾಡಿದ ಕೂಡಲೇ ಗೋಡೆಯಾಚೆ ಮಿಷನ್ನು ನಿಲ್ಲುತ್ತಿತ್ತು. ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅವಳು ಬೈಯುತ್ತಿದ್ದಳು. ಬೈಗುಳ ಅರ್ಧಂಬರ್ಧ ಕೇಳಿಸಿದರೂ ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು. ಬೆಳಗ್ಗೆ ಬೈದದ್ದು ಮಧ್ಯಾಹ್ನದ ಊಟಕ್ಕೆ ಕರೆಯುವ ಹೊತ್ತಿಗೆ ಅವಳಿಗೆ ಮರೆತೇ ಹೋಗಿರುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆಗೆ ಇದ್ದದ್ದು ಒಂದು ಹೆಣ್ಣುನಾಯಿ. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳ ಚೀಲದಲ್ಲಿ ಒಂದು ಬೆಳಗ್ಗೆ ಮರಿಯಾಗಿ ಸಿಕ್ಕಿತ್ತು. ಮೂತಿ ಉದ್ದ, ತೆಳ್ಳಗೆ, ಎಲ್ಲದರೊಳಗೂ ತೂರಿಸುವಂಥದ್ದು. ಸೂಜಿ ಅಂತ ಹೆಸರಾಯಿತು. ಮಿಷನ್ನಿನ ಕೆಳಗೆ ಮಲಗುತ್ತಿತ್ತು. ಅಕ್ಕನ ಕಾಲು ಮೇಲೆ ಕೆಳಗೆ ಆಡುತ್ತಿದ್ದರೆ ಅದಕ್ಕೆ ಜೋಗುಳ.

ಮಧ್ಯಾಹ್ನ ಬೀದಿ ಖಾಲಿಯಾದ ಮೇಲೆ ಸೂಜಿ ಎದ್ದು ಮೈ ಮುರಿದು ತಮ್ಮನ ಅಂಗಡಿಗೆ ಬರುತ್ತಿತ್ತು. ಊರಿಗೆಲ್ಲ ಗುಡುಗುವವನ ದನಿ ಆಗ ಕೇಳಬೇಕಿತ್ತು. ‘ಏನಮ್ಮಾ, ಹೊಲಿಗೆ ಮುಗೀತಾ? ಎಷ್ಟು ಗುಂಡಿ ಹಾಕಿದೆ ಇವತ್ತು?’ ಅಂತ ಮಾತಾಡಿಸಿಕೊಂಡು ಸೇಬು ಹೆಚ್ಚಿ ಒಂದು ಹೋಳು ಕೊಡುತ್ತಿದ್ದ. ಅವನ ಹೆಂಡತಿ ಒಮ್ಮೆ ಇದನ್ನು ನೋಡಿ, ಈ ದನಿ ನನ್ನ ಮದುವೆಯ ಮೊದಲ ವಾರದಲ್ಲಿ ಕೇಳಿದ್ದೆ, ಆಮೇಲೆ ಕೇಳಿಲ್ಲ ಅಂದಿದ್ದಳು.

ಸೂಜಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಪ್ರಾಣಿಗಳ ಡಾಕ್ಟರಮ್ಮನಿಗೆ ಅಕ್ಕ ಈ ಹಣ್ಣಿನ ವಿಷಯ ಹೇಳಿದ್ದಳು. ಕೊಡಬಹುದು, ಆದರೆ ಅದು ಊಟವಲ್ಲ, ಆಗೊಮ್ಮೆ ಈಗೊಮ್ಮೆ ಬಾಯಿರುಚಿಗೆ ಒಂದೆರಡು ಚೂರು ಸಾಕು ಅಂದರಂತೆ ಆಕೆ. ಸೇಬಿನ ಬೀಜ ತೆಗೆಯಬೇಕು. ಕಲ್ಲಂಗಡಿಯಾದರೆ ಬೀಜವೂ ಬೇಡ, ಸಿಪ್ಪೆಯೂ ಬೇಡ. ಬಾಳೆಹಣ್ಣು ಚೂರೇ ಚೂರು. ಮಾವಿನ ಗೊರಟೆ ಬಾಯಿಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಂಡೀತು. ದ್ರಾಕ್ಷಿ ಮಾತ್ರ ಹಸಿಯದಾಗಲಿ ಒಣಗಿದ್ದಾಗಲಿ ಒಂದು ಕಾಳೂ ಕೂಡದು. ಕೆಲವು ನಾಯಿ ತಿಂದು ಅರಗಿಸಿಕೊಳ್ಳುತ್ತವೆ, ಕೆಲವಕ್ಕೆ ಮೂತ್ರಪಿಂಡವೇ ಕೆಡುತ್ತದೆ, ಯಾವುದಕ್ಕೆ ಅಂತ ಮೊದಲೇ ಹೇಳಲು ಯಾರಿಗೂ ಆಗದು ಅಂದರಂತೆ.

ಅಕ್ಕ ಇದನ್ನೆಲ್ಲ ಬಂದು ಒಪ್ಪಿಸಿದಾಗ ತಮ್ಮ ಉರಿದುಬಿದ್ದ.

“ಮಕ್ಕಳಿಗೆ ಮರಿಗಳಿಗೆ ಕೊಡೋ ದ್ರಾಕ್ಷಿ ನಾಯಿಗೆ ವಿಷನಾ? ಆಯಮ್ಮ ಯಾವತ್ತಾದ್ರೂ ಹಣ್ಣು ಮಾರಿದಾರಾ?”

“ನೀನು ಯಾವತ್ತಾದ್ರೂ ನಾಯಿಗೆ ಸೂಜಿ ಚುಚ್ಚಿದ್ದೀಯಾ? ಹೇಳಿದಷ್ಟು ಕೇಳು.”

ಕೇಳಿದ. ಬೀಜ ತೆಗೆದ, ಸಿಪ್ಪೆ ತೆಗೆದ, ದ್ರಾಕ್ಷಿ ಕೊಡಲಿಲ್ಲ. ಆದರೆ ಆ ಮಾತು ಮಾತ್ರ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ತನ್ನ ಕೈಯಿಂದ ಹೋಗುವ ಒಳ್ಳೆ ಹಣ್ಣು ಒಂದು ಜೀವಕ್ಕೆ ಕೇಡು ಮಾಡುತ್ತದೆ ಅಂದರೆ ಅವನಿಗೆ ಅದು ಆರೋಗ್ಯದ ವಿಷಯವಾಗಿ ಕೇಳಿಸಲೇ ಇಲ್ಲ. ತನ್ನ ಮಾಲಿನ ಮೇಲೆ ಹೊರಿಸಿದ ದೂರಿನ ಹಾಗೆ ಕೇಳಿಸಿತು.

ಈ ನಡುವೆ ಅಂಗಡಿಯಲ್ಲಿ ಒಂದು ಆಟ ಶುರುವಾಗಿತ್ತು. ಸೂಜಿ ಹುಳಿ ಕಿತ್ತಳೆ ಕೊಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು, ಸಿಹಿಯಾದರೆ ಬಾಲ ಅಲ್ಲಾಡಿಸಿ ತಿನ್ನುತ್ತಿತ್ತು. ಗಿರಾಕಿಗಳಿಗೆ ಇದು ತಮಾಷೆ. ಸೂಜಿ ತಿಂದರೆ ಸಿಹಿ ಅಂತ ಬೀದಿಯಲ್ಲೇ ಮಾತಾಯಿತು. ಇವನ ನಾಲಿಗೆಯನ್ನು ನಂಬದವರು ನಾಯಿಯ ನಾಲಿಗೆಯನ್ನು ನಂಬಿದರು. ಅವನಿಗೂ ಅದರಲ್ಲಿ ಒಂದು ಹೆಮ್ಮೆ.

ಹೀಗಿರುವಾಗ ದ್ರಾಕ್ಷಿಯ ಕಾಲ ಬಂತು. ಅಂದು ಬಂದ ಮಾಲು ಅಪರೂಪದ್ದು. ಉದ್ದನೆ ಕಾಳು, ಬೀಜವಿಲ್ಲದ್ದು, ಬೆಳಕಿಗೆ ಹಿಡಿದರೆ ಒಳಗೆ ದೀಪ ಇಟ್ಟ ಹಾಗೆ ಕಾಣುತ್ತಿತ್ತು. ನೀರಿನಲ್ಲಿ ತೊಳೆದು ಗೊಂಚಲು ಗೊಂಚಲಾಗಿ ಜೋಡಿಸಿದ. ಮಧ್ಯಾಹ್ನಕ್ಕೆ ಮುಂಚೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಗಿರಾಕಿ ಬಂದ. ನಿಂತಲ್ಲೇ ರುಚಿ ನೋಡುತ್ತ ನೋಡುತ್ತ ಅರ್ಧ ಗೊಂಚಲು ಖಾಲಿ ಮಾಡಿ, ಕೈ ಒರೆಸಿಕೊಂಡು, ಹುಳಿ ಅಂದ. ಅಷ್ಟೇ ಆಗಿದ್ದರೆ ಬೈದು ಕಳಿಸುತ್ತಿದ್ದನೇನೋ. ಆತ ಪಕ್ಕದಲ್ಲಿ ಹಣ್ಣು ಆರಿಸುತ್ತಿದ್ದವರ ಕಡೆಗೂ ತಿರುಗಿ, ತಗೋಬೇಡಿ, ನಿನ್ನೆಯದೋ ಮೊನ್ನೆಯದೋ ಇರಬೇಕು ಅಂದುಬಿಟ್ಟ.

ಮೆಣಸಿನಕಾಯಿಗೆ ಕಣ್ಣು ಕತ್ತಲೆ ಬಂತು. ಅಕ್ಕ ಅಂಗಡಿಯಲ್ಲಿ ಇಲ್ಲದ್ದರಿಂದ ಸೂಜಿ ಅಂದು ಬೇಗನೇ ಬಂದು ಅವನ ಕಾಲ ಬಳಿ ಕೂತಿತ್ತು.

“ಇವನ ನಾಲಿಗೆ ಬಿಡಿ. ಸೂಜಿ ಹೇಳ್ಲಿ” ಅಂದ.

ಒಂದು ಕಾಳು ಕೊಟ್ಟ. ಸೂಜಿ ಮೂಸಿತು, ಬಾಯಿಗೆ ಹಾಕಿಕೊಂಡಿತು, ಬಾಲ ಅಲ್ಲಾಡಿಸಿತು. ಜನ ನಕ್ಕರು. ಇಸ್ತ್ರಿ ಅಂಗಿಯವನ ಮುಖ ಸಪ್ಪೆಯಾಯಿತು. ಇನ್ನೊಂದು ಕೊಟ್ಟ. ಮತ್ತೆ ನಗು. ದಾರಿಯಲ್ಲಿ ಹೋಗುವವರೂ ನಿಂತರು. ಆಮೇಲೆ ಎಷ್ಟು ಕೊಟ್ಟ ಅನ್ನುವುದು ಅವನಿಗೇ ನೆನಪಿಲ್ಲ. ಗೆದ್ದವನ ಕೈ ಅದು, ತಡೆಯುವವರು ಬೇಕಿತ್ತು. ತಡೆಯುವವಳು ಅಂದು ಮುಖ್ಯ ರಸ್ತೆಗೆ ನೂಲು ತರಲು ಹೋಗಿದ್ದಳು. ದ್ರಾಕ್ಷಿ ಸಂಜೆಯೊಳಗೆ ತಳ ಕಂಡಿತು. ಅಷ್ಟು ಬೇಗ ಯಾವತ್ತೂ ಖಾಲಿಯಾಗಿರಲಿಲ್ಲ.

ಸಂಜೆ ಸೂಜಿ ವಾಂತಿ ಮಾಡಿತು. ಅಕ್ಕ ಗೋಡೆಯಾಚೆಯಿಂದಲೇ, ಏನು ಕೊಟ್ಟೆಯೋ ಇದಕ್ಕೆ ಅಂತ ಕೇಳಿದಳು. ಕೊಳೆತದ್ದು ಏನೂ ಕೊಟ್ಟಿಲ್ಲ ಅಂದ. ಅದು ಸುಳ್ಳಲ್ಲ. ಆದರೆ ದ್ರಾಕ್ಷಿಯ ಹೆಸರು ಎತ್ತಲಿಲ್ಲ. ಬಿಸಿಲಿಗೆ ಆಗಿರಬೇಕು, ಬೆಳಗ್ಗೆ ಸರಿಹೋಗುತ್ತದೆ ಅಂತ ತನಗೆ ತಾನೇ ಹೇಳಿಕೊಂಡ.

ಬೆಳಗ್ಗೆ ಸೂಜಿ ಬಟ್ಟೆ ಚೂರಿನ ಹಾಸಿಗೆಯಿಂದ ಏಳಲಿಲ್ಲ. ಅಕ್ಕ ಮಿಷನ್ನಿಗೆ ಕವರು ಹಾಕಿ ಅದನ್ನು ಎತ್ತಿಕೊಂಡಳು. ಇವನೂ ಅಂಗಡಿ ಮುಚ್ಚಿ ಹಿಂದೆಯೇ ಹೋದ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಬಾಯಿ ಬಿಡಿಸಿ ನೋಡಿದರು. ಕೊಳೆತದ್ದು ಗಿಳೆತದ್ದು ಏನಾದರೂ ತಿಂದಿದೆಯಾ, ಅಂಗಡಿ ಹಿಂದಿನ ಕಸಕ್ಕೆ ಬಾಯಿ ಹಾಕಿದೆಯಾ ಅಂತ ಕೇಳಿದರು. ಇವನಿಗೆ ಕೇಳಿಸಿದ್ದು ಒಂದೇ ಪದ. ನನ್ನ ಅಂಗಡಿಯಲ್ಲಿ ಕೊಳೆತದ್ದು ಇರುವುದಿಲ್ಲ, ಬೇಕಾದರೆ ಬಂದು ನೋಡಿಕೊಳ್ಳಿ ಅಂತ ಅಲ್ಲೇ ದನಿ ಏರಿಸಿದ.

“ಅಂಗಡಿ ವಿಷಯ ಅಲ್ಲಪ್ಪ, ನಾಯಿ ವಿಷಯ ಕೇಳ್ತಿದೀನಿ” ಅಂದರು ಡಾಕ್ಟರಮ್ಮ. “ದ್ರಾಕ್ಷಿ ಏನಾದ್ರೂ ತಿಂತಾ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಹೇಳಿದಳು:

“ಅಯ್ಯೋ ಇಲ್ಲಮ್ಮ. ನೀವು ಹೇಳಿದ್ದನ್ನ ಆವತ್ತೇ ಇವನಿಗೆ ಹೇಳಿದೀನಿ. ಬಾಯಿ ಜೋರು ಅಷ್ಟೆ. ಸೂಜಿ ಅಂದ್ರೆ ನನಗಿಂತ ಇವನಿಗೇ ಜೋಪಾನ ಜಾಸ್ತಿ.”

ತೆರೆದ ಬಾಯಿ ಮುಚ್ಚಿಕೊಂಡಿತು. ಹುಟ್ಟಿದಾಗಿನಿಂದ ಒಂದು ಮಾತನ್ನೂ ಒಳಗೆ ಇಟ್ಟುಕೊಳ್ಳದವನು, ಬೇಕಾದ್ದು ಬೇಡದ್ದು ಎಲ್ಲ ಬೀದಿಗೆ ಚೆಲ್ಲಿದವನು, ಆ ಕೋಣೆಯಲ್ಲಿ ಗೋಡೆ ನೋಡುತ್ತ ನಿಂತ. ಈಗ ಹೇಳಿದರೆ ಅಕ್ಕ ಡಾಕ್ಟರಮ್ಮನ ಮುಂದೆ ಸಣ್ಣವಳಾಗುತ್ತಾಳೆ ಅಂತ ಆ ಹೊತ್ತಿಗೆ ನೆಪ ಸಿಕ್ಕಿತು. ನೆಪಗಳಿಗೇನು, ಕರೆಯದೆಯೇ ಬರುತ್ತವೆ. ಡಾಕ್ಟರಮ್ಮ ವಾಂತಿ ನಿಲ್ಲಲು ಒಂದು ಇಂಜೆಕ್ಷನ್ ಕೊಟ್ಟು, ನೀರು ಕುಡಿಸಿ, ನಾಳೆಗೂ ಹೀಗೇ ಇದ್ದರೆ ಕರೆದುಕೊಂಡು ಬನ್ನಿ ಅಂದರು. ದಾರಿಯುದ್ದಕ್ಕೂ ಸೂಜಿಯನ್ನು ಅವನೇ ಎತ್ತಿಕೊಂಡಿದ್ದ. ಅದು ಅವನ ಕೈ ನೆಕ್ಕಿತು. ಆಗಲಾದರೂ ತಿರುಗಿ ಹೋಗಬಹುದಿತ್ತು. ಆಸ್ಪತ್ರೆಯ ಬಾಗಿಲು ಬೆನ್ನ ಹಿಂದೆ ಇನ್ನೂ ಕಾಣುತ್ತಿತ್ತು.

ಮಾರನೆಯ ದಿನ ಸೂಜಿ ಮೂತ್ರ ಮಾಡುವುದನ್ನೇ ನಿಲ್ಲಿಸಿತ್ತು. ಮೈ ತಣ್ಣಗಿತ್ತು. ಡಾಕ್ಟರಮ್ಮ ರಕ್ತ ತೆಗೆದು ನೋಡಿ ತಲೆ ಎತ್ತಿದರು. ಅವರು ಕೇಳುವ ಮೊದಲೇ ಅವನು ಹೇಳಿದ. ಇಸ್ತ್ರಿ ಅಂಗಿಯವನ ವಿಷಯ, ಜನ ನಕ್ಕ ವಿಷಯ, ಕೈ ನಿಲ್ಲದ ವಿಷಯ, ಎಲ್ಲ. ಹೇಳುವಾಗ ಅಕ್ಕನ ಕಡೆ ನೋಡಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ತಿರುಗಿ ಕೂಗಾಡಲು ಏನಾದರೂ ಸಿಗುತ್ತಿತ್ತು.

“ತಿಂದ ತಕ್ಷಣ ಬಂದಿದ್ರೆ ವಾಂತಿ ಮಾಡಿಸ್ತಿದ್ದೆ. ನಿನ್ನೆ ಹೇಳಿದ್ರೂ ಆಗಲೇ ಡ್ರಿಪ್ ಹಾಕ್ತಿದ್ದೆ. ಉಳೀತಿತ್ತು ಅಂತ ಖಾತ್ರಿ ಕೊಡಕ್ಕಾಗಲ್ಲ. ಆದ್ರೆ ಒಂದು ದಿನ ನಮ್ಮ ಕೈಲಿರ್ತಿತ್ತು.”

ಡ್ರಿಪ್ ಹಾಕಿದರು. ಹೊರಗಿನ ಬೆಂಚಿನ ಮೇಲೆ ಅಕ್ಕ ತಮ್ಮ ಕೂತರು. ಎದುರಿಗೆ ಒಂದು ಬೆಕ್ಕಿನ ಬುಟ್ಟಿ ಹಿಡಿದು ಯಾರೋ ಕೂತಿದ್ದರು. ಅವನು ಕಾದ. ಅಕ್ಕ ಬಾಯಿ ಬಿಟ್ಟರೆ ಸಾಕು, ಎಲ್ಲರ ಮುಂದೆ ಕೆನ್ನೆಗೆ ಬಾರಿಸಿದರೂ ಸಾಕು ಅನ್ನಿಸುತ್ತಿತ್ತು. ಅವಳು ಮಡಿಲಲ್ಲಿ ಸೂಜಿಯ ಹಾಸಿಗೆಯ ಬಟ್ಟೆ ಇಟ್ಟುಕೊಂಡು, ಅದರ ಎಳೆಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಮೆಲ್ಲಗೆ ಹೇಳಿದಳು.

“ಮೊನ್ನೆ ಹೇಳಿದ್ರೂ ಬೈತಿದ್ದೆ, ನಿನ್ನೆ ಹೇಳಿದ್ರೂ ಬೈತಿದ್ದೆ. ಬೈದು ಸಂಜೆಗೆ ಮರ್ತೂಬಿಡ್ತಿದ್ದೆ. ನಾನು ನಿನ್ನ ಪರ ನಿಂತು ಮಾತಾಡ್ವಾಗ ಸುಮ್ನೆ ನಿಂತಿದ್ದೆಯಲ್ಲ ಕಣೋ.”



ಸೂಜಿ ಮರುದಿನ ಬೆಳಗ್ಗೆ ಹೋಯಿತು. ಅಂಗಡಿಗಳ ಹಿಂದಿನ ಖಾಲಿ ಜಾಗದಲ್ಲಿ ಅವನೇ ಗುಂಡಿ ತೋಡಿದ. ಅಕ್ಕ ಬಟ್ಟೆ ಸುತ್ತಿದಳು, ಮೂಲೆಗಳನ್ನು ಒಳಗೆ ಮಡಚಿದಳು, ಯಾರದೋ ಹೊಸ ಬಟ್ಟೆಗೆ ಅಂಚು ಮಡಚುವಷ್ಟು ನೀಟಾಗಿ.

ಮೆಣಸಿನಕಾಯಿ ಈಗಲೂ ಹಣ್ಣು ಮಾರುತ್ತಾನೆ. ನಾಯಿ ಇರುವವರು ಬಂದರೆ ದ್ರಾಕ್ಷಿ ಅದಕ್ಕಲ್ಲ ತಾನೇ ಅಂತ ಕೇಳುತ್ತಾನೆ. ಅದಕ್ಕೂ ಸ್ವಲ್ಪ ಕೊಡ್ತೀವಿ ಅಂದವರಿಗೆ ಯಾಕೆ ಕೂಡದು ಅಂತ ಹೇಳಿ, ದ್ರಾಕ್ಷಿ ತೂಗದೆ ಹಾಗೇ ಕಳಿಸುತ್ತಾನೆ. ಇದರಿಂದ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದ. ಆಗಲಿಲ್ಲ.

ಅಕ್ಕ ಮಾತು ಬಿಟ್ಟಿಲ್ಲ. ಊಟಕ್ಕೆ ಕರೆಯುತ್ತಾಳೆ, ಹರಿದ ಜೇಬು ಹೊಲಿದು ಕೊಡುತ್ತಾಳೆ, ಮೈ ಹುಷಾರಾ ಅನ್ನುತ್ತಾಳೆ. ಬೈಗುಳ ಮಾತ್ರ ನಿಂತುಹೋಯಿತು. ಅವನು ಬೇಕೆಂದೇ ಗಿರಾಕಿಗಳ ಮೇಲೆ ಕೂಗಾಡಿ ನೋಡಿದ. ಗೋಡೆಯಾಚೆ ಮಿಷನ್ನು ನಿಲ್ಲಲಿಲ್ಲ. ಮೊನ್ನೆ ಒಂದು ಬೆಳಗ್ಗೆ, ಹಿಂದೆಂದೂ ಮಾಡದ ಕೆಲಸ ಮಾಡಿದ. ಕಲ್ಲಂಗಡಿಯ ಖಾಲಿ ಕ್ರೇಟುಗಳನ್ನು ಅವಳ ಬಾಗಿಲಿಗೆ ಅಡ್ಡವಾಗಿ ಎದೆಮಟ್ಟ ಪೇರಿಸಿಟ್ಟು, ತನ್ನ ಅಂಗಡಿಯಲ್ಲಿ ಕೂತು ಕಿವಿ ನಿಮಿರಿಸಿದ. ಅಕ್ಕ ಬಂದಳು. ಕ್ರೇಟುಗಳನ್ನು ನೋಡಿದಳು. ಕೈಚೀಲ ನೆಲಕ್ಕಿಟ್ಟು ಒಂದೊಂದನ್ನೇ ಎತ್ತಿ ಪಕ್ಕಕ್ಕೆ ಇಡತೊಡಗಿದಳು. ವಯಸ್ಸಾದ ಸೊಂಟ, ಬಗ್ಗಿದಾಗಲೆಲ್ಲ ಒಂದು ಸಣ್ಣ ಉಸಿರು ಕೇಳುತ್ತಿತ್ತು. ಅವನು ತಡೆಯಲಾರದೆ ಎದ್ದು ಹೋಗಿ ಉಳಿದವನ್ನು ತಾನೇ ತೆಗೆದ.

“ಇರ್ಲಿ ಬಿಡಪ್ಪ” ಅಂದಳು ಅಕ್ಕ, ಗಿರಾಕಿಗಳಿಗೆ ಹೇಳುವ ದನಿಯಲ್ಲಿ. ಬಾಗಿಲು ತೆಗೆದು ಒಳಗೆ ಹೋದಳು.